ಲಾಳದ ಸಾಬರ ಮನೆಯ ಚಿಂತಕರು

ಪರದೆಯ ಬಣ್ಣ ಹಸಿರಾಗಿತ್ತು ಎಂದು ನನ್ನ ನೆನಪು. ಪರದೆಯೇ ಇರಲಿಲ್ಲ, ದಾದಿಯ, ಅಂದರೆ ಅಜ್ಜಿಯ, ಹಳೆಯ ಹೊದಿಕೆಯೊಂದನ್ನು ಬಾಗಿಲ ಚೌಕಟ್ಟಿನ ಮೊಳೆಗಳಿಗೆ ಸಿಕ್ಕಿಸಿದ್ದರು ಅಷ್ಟೇ ಎನ್ನುತ್ತಾಳೆ ಫುಫ್ಫು, ನನ್ನ ಅಪ್ಪನ ತಂಗಿ. ಯಾರು ಸರಿಯೋ ಗೊತ್ತಿಲ್ಲ. ನಾನು ದಿನಚರಿ ಬರೆಯಲು ಶುರುಮಾಡಿದ್ದು ಮೈಸೂರಿನ ಹಾಸ್ಟೆಲಿಗೆ ಸೇರಿದ ಮೇಲೆ. ಮಳವಳ್ಳಿಯ ಮನೆಯ ವರ್ಷಗಳು ಅದರ ಯಾವ ಪುಟದಲ್ಲೂ ಇಲ್ಲ. ಅದೂ ಅಲ್ಲದೆ ಮನೆಯೊಳಗೆ ನಾವು ಆಡುತ್ತಿದ್ದುದು ನಮ್ಮ ಕಡೆಯ ಉರ್ದು. ಅದನ್ನು ಕನ್ನಡದಲ್ಲಿ ಬರೆಯುವಾಗ ಪ್ರತಿ ಮಾತೂ ಒಂದು ಸಲ ಬಟ್ಟೆ ಬದಲಾಯಿಸಿಕೊಂಡೇ ಈಚೆಗೆ ಬರುತ್ತದೆ. ಹಾಗಾಗಿ ಯಾವ ಜಗಳ ಮೊದಲು, ಯಾವುದು ಆಮೇಲೆ, ಯಾರು ಯಾವ ಮೂಲೆಯಲ್ಲಿ ಕೂತಿದ್ದರು ಎಂಬುದರಲ್ಲಿ ನಾನು ತಪ್ಪಿರಬಹುದು. ಒಂದರಲ್ಲಿ ಮಾತ್ರ ತಪ್ಪಿಲ್ಲ ಎಂದು ನಂಬಿಕೊಂಡು ಇದನ್ನು ಬರೆಯುತ್ತಿದ್ದೇನೆ. ಪಡಸಾಲೆಯಲ್ಲಿ ಕೂತಿದ್ದವರ ಹೆಸರಿನಲ್ಲಿ ಇವತ್ತು ನಾಡಿನಲ್ಲಿ ಓಡಾಡುತ್ತಿರುವ ವಿಚಾರಗಳು ಅಡುಗೆಮನೆಯಲ್ಲಿ ಕೂತಿದ್ದವಳವು.

ಪಡಸಾಲೆಯಲ್ಲಿ ಕೂತಿದ್ದವರು ಬಡೇಅಬ್ಬಾ, ಅಪ್ಪನ ಅಣ್ಣ. ಹೊಸ ಕಾಲದ ಇಸ್ಲಾಮಿನ ಬಗ್ಗೆ ಕನ್ನಡದಲ್ಲಿ ಮಾತಾಡುವವರಲ್ಲಿ ಅವರದು ದೊಡ್ಡ ಹೆಸರು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಈ ಬರಹವೂ ಅವರದೇ ಆಗಿಬಿಡುತ್ತದೆ. ಅವರಿಗೆ ಈಗ ಅಭಿನಂದನಾ ಗ್ರಂಥವೊಂದು ಸಿದ್ಧವಾಗುತ್ತಿದೆ. ಸಮಿತಿಯ ಯುವಕನೊಬ್ಬ ಫೋನು ಮಾಡಿ, ನಾನು ಮಂಡ್ಯದ ಕಾಲೇಜಿನಲ್ಲಿ ಪಾಠ ಮಾಡುವವಳು, ಮೇಲಾಗಿ ಮನೆಯ ಮಗಳು, ಬರೆಯಲೇಬೇಕು ಎಂದ.

"ವಿಮರ್ಶೆ ಬೇಡ ಮೇಡಂ, ಅದಕ್ಕೆ ಬೇರೆಯವರಿದ್ದಾರೆ. ಸ್ವಲ್ಪ ಆಪ್ತವಾಗಿರಲಿ. ಮನೆಯೊಳಗೆ ಸರ್ ಹೇಗಿದ್ದರು ಅಂತ."

ಹೇಗಿದ್ದರೋ ಹಾಗೇ ಬರೆಯುತ್ತೇನೆ ಎಂದೆ. ನನ್ನ ದನಿಯಲ್ಲಿದ್ದ ಖುಷಿಯನ್ನು ಆತ ಗೌರವವೆಂದು ತಿಳಿದ.

ನಮ್ಮದು ಲಾಳದ ಸಾಬರ ಮನೆ. ದಾದಾ, ಅಂದರೆ ಅಜ್ಜ, ಆಮೇಲೆ ಅಪ್ಪ, ಎತ್ತುಗಳಿಗೆ ಲಾಳ ಕಟ್ಟುತ್ತಿದ್ದರು. ಸಂತೆಯ ದಿನ ಬೆಳಕವಾಡಿ ರಸ್ತೆಯ ಕಡೆಯಿಂದ ಗಾಡಿಗಳು ಬಂದು ಮನೆಯ ಮುಂದೆ ಸಾಲುಗಟ್ಟುತ್ತಿದ್ದವು. ಅಪ್ಪ ಹಗ್ಗ ಹಾಕಿ ಎತ್ತನ್ನು ನೆಲಕ್ಕೆ ಕೆಡವಿ, ಬಾಯಲ್ಲಿ ಮೊಳೆಗಳನ್ನು ಕಚ್ಚಿಕೊಂಡು ಕೂರುತ್ತಿದ್ದ. ಮುಂದೆ ಜಗಲಿ, ಒಳಗೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಹಿಂದೆ ಹಿತ್ತಲು. ಹಿತ್ತಲಿನ ಗಿಡ್ಡ ಗೋಡೆಯಾಚೆ ನಿಂಗಮ್ಮನ ಮನೆ. ಗೌಡರ ಹೆಂಗಸು, ದಾದಿಗೆ ಅಕ್ಕನಂತಿದ್ದವಳು. ಆ ಗೋಡೆಯ ಮೇಲೆ ದಿನವೂ ಏನಾದರೊಂದು ಪಾತ್ರೆ ಇರುತ್ತಿತ್ತು, ಈಚೆಯಿಂದ ಆಚೆಗೆ ಹೋಗುತ್ತಲೋ ಆಚೆಯಿಂದ ಈಚೆಗೆ ಬರುತ್ತಲೋ. ಸಂಜೆ ಎರಡೂ ಮನೆಯಲ್ಲಿ ಮುದ್ದೆ. ಗುರುವಾರ ಮಾತ್ರ ದಾದಿ ಚಪಾತಿ ಪುಡಿಮಾಡಿ ಬೆಲ್ಲ ತುಪ್ಪ ಕಲಸಿ ಮಲೀದೆ ಮಾಡುತ್ತಿದ್ದಳು. ಲೋಬಾನದ ಹೊಗೆ ಹಾಕಿ ಕಾಯುತ್ತಿದ್ದರೆ ಮುದುಕ ಫಕೀರನೊಬ್ಬ ಬಂದು ಫಾತಿಹಾ ಓದುತ್ತಿದ್ದ. ಓದುವ ಮೊದಲು ಆತ ಹೆಸರು ಕೇಳುತ್ತಿದ್ದ. ಮನೆಯ ಸತ್ತವರ ಹೆಸರುಗಳನ್ನು ದಾದಿ ಒಂದೊಂದಾಗಿ ಹೇಳಬೇಕು. ಓದಿದ ಪುಣ್ಯ ಆ ಹೆಸರಿನವರಿಗೆ ತಲುಪಬೇಕು. ಆಮೇಲೆ ಮಲೀದೆ ನಮಗೆ.

ಬಡೇಅಬ್ಬಾ ಉತ್ತರದ ಯಾವುದೋ ದೊಡ್ಡ ಮದರಸಾದಲ್ಲಿ ವರ್ಷಗಟ್ಟಲೆ ಓದಿ ಈ ಮನೆಗೆ ಹಿಂತಿರುಗಿದರು. ಆಗ ನಾನು ಹುಟ್ಟಿದ್ದೆನೋ, ಅಮ್ಮನ ಹೊಟ್ಟೆಯಲ್ಲಿದ್ದೆನೋ, ಹೇಳುವವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮುದ್ದೆ ಮುರಿಯುವಾಗ ಅವರ ಕೈ ಅನುಮಾನಿಸುತ್ತಿತ್ತಂತೆ. ಅವರ ಉರ್ದು ಎಷ್ಟು ಶುದ್ಧವಾಗಿತ್ತೆಂದರೆ ಹೆತ್ತ ತಾಯಿ ಅವರ ಮುಂದೆ ಬಾಯಿ ಬಿಡಲು ನಾಚುತ್ತಿದ್ದಳಂತೆ. ಧರ್ಮಕ್ಕೆ ಸಲ್ಲದೆಂದು ಮೊದಲು ಗೋಡೆಯ ಮೇಲಿದ್ದ ದಾದಾನ ಫೋಟೋ ಹೋಯಿತು. ಆಮೇಲೆ ಫಾತಿಹಾ ಹೋಯಿತು. ಮೊಹರಮ್ಮಿನ ಬಾಬಯ್ಯನ ಹಬ್ಬದಲ್ಲಿ ನಮ್ಮ ಜಗಲಿಯ ಮೇಲಿಟ್ಟು ಬಂದವರಿಗೆಲ್ಲ ಕೊಡುತ್ತಿದ್ದ ಪಾನಕದ ಹಂಡೆ ಅಟ್ಟ ಸೇರಿತು. ಅದು ನಿಂಗಮ್ಮನ ಮನೆಯವರು ಹರಕೆ ಹೊತ್ತ ಹಬ್ಬ. ಆಕೆ ಹಿತ್ತಲ ಗೋಡೆಯ ಮೇಲಿಂದ ಕೇಳಿದ್ದು ಇವತ್ತಿಗೂ ನಮ್ಮ ಬೀದಿಯಲ್ಲಿ ಮಾತು.

"ಅಲ್ಲಾ ಕಣಪ್ಪ, ಬಾಬಯ್ಯ ಏನು ನಿಮ್ಮೊಬ್ರ ಆಸ್ತಿಯಾ? ನಮ್ ಮಗೀಗೆ ಜ್ವರ ಬುಡ್ಸಿದೋನು ಅವ್ನು. ನೀನ್ಯಾವೋನ್ಲಾ ನಿಲ್ಸಕ್ಕೆ?"

ಅದಕ್ಕೆ ಬಡೇಅಬ್ಬಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡರಂತೆ. ನಿಂಗಮ್ಮನಿಗೆ ಬಾಗಿಲು ಹಾಕಬಹುದಿತ್ತು. ಒಳಗೇ ಇದ್ದ ತಂಗಿಗೆ ಹಾಕಲಾಗಲಿಲ್ಲ. ಫುಫ್ಫು ಮಳವಳ್ಳಿಯಲ್ಲೇ ಕನ್ನಡ ಶಾಲೆಯಲ್ಲಿ ಓದಿ ಪಿಯುಸಿಗೆ ಸೇರಿದ್ದಳು. ನಮ್ಮ ಬೀದಿಯ ನಮ್ಮವರಲ್ಲಿ ಅಲ್ಲಿಯವರೆಗೆ ಹೋದ ಮೊದಲ ಹುಡುಗಿ. ಒಂದು ಬೆಳಗ್ಗೆ ಅವಳು ಬುತ್ತಿ ಕಟ್ಟಿಕೊಂಡು ಹೊರಟಾಗ ಬಡೇಅಬ್ಬಾ ಜಗಲಿಯ ಮೇಲೆ ಅಡ್ಡ ಕೂತಿದ್ದರು. ಅವಳು ದಾಟಲಿಲ್ಲ. ಅಣ್ಣನನ್ನು ದಾಟಿಕೊಂಡು ಹೋಗಬಾರದು ಎಂಬುದು ಮನೆಯ ಮರ್ಯಾದೆ. ಅದನ್ನು ತಿಳಿದೇ ಅವರು ಅಲ್ಲಿ ಕೂತಿದ್ದರು. ಮಾರನೆಯ ದಿನವೂ ಕೂತರು. ಅವಳು ಬುತ್ತಿ ಕಟ್ಟುವುದನ್ನು ನಿಲ್ಲಿಸುವವರೆಗೆ ಕೂತರು. ನಿಷೇಧದ ಒಂದು ಮಾತನ್ನೂ ಆಡಲಿಲ್ಲ. ಈಗ ಅವರ ಭಾಷಣಗಳಲ್ಲಿ "ನಾನು ಯಾರಿಗೂ ಏನನ್ನೂ ನಿಷೇಧಿಸಿದವನಲ್ಲ" ಎಂಬ ವಾಕ್ಯ ಬಂದಾಗಲೆಲ್ಲ ನನ್ನ ಕಣ್ಣಿಗೆ ಕಾಣುವುದು ಆ ಜಗಲಿ.

ಜಗಳಕ್ಕೆ ಫುಫ್ಫು ಕನ್ನಡವನ್ನೇ ಆರಿಸಿಕೊಂಡಳು. ಅವರ ಉರ್ದುವಿನ ಮುಂದೆ ಇವಳ ಉರ್ದು ನಿಲ್ಲುತ್ತಿರಲಿಲ್ಲ. ಆದರೆ ನಿಂಗಮ್ಮನ ಜೊತೆ ಗೋಡೆ ಹತ್ತಿ ಬೆಳೆದವಳ ಕನ್ನಡದ ಮುಂದೆ ಅವರು ತಡವರಿಸುತ್ತಿದ್ದರು. ಮಾತು ಬಿಸಿಯಾಗುತ್ತಿದ್ದಂತೆ ಇವಳು "ಭಾಯಿ" ಬಿಟ್ಟು "ಅಣ್ಣಯ್ಯ" ಎಂದು ಶುರುಮಾಡಿದರೆ ಅಡುಗೆಮನೆಯಲ್ಲಿದ್ದವರೆಲ್ಲ ಕೈಕೆಲಸ ನಿಲ್ಲಿಸುತ್ತಿದ್ದರು. ಆದರೂ ಆ ವರ್ಷಗಳಲ್ಲಿ ಗೆಲ್ಲುತ್ತಿದ್ದವರು ಅವರೇ. ಪಡಸಾಲೆಗೂ ಅಡುಗೆಮನೆಗೂ ನಡುವೆ ಆ ಹೊದಿಕೆ ಬಂತು. ಪಡಸಾಲೆಯಲ್ಲಿ ಶುಕ್ರವಾರದ ಜುಮ್ಮಾ ನಮಾಜಿನ ನಂತರ ಗಂಡಸರು ಕೂತು ಅವರ ಮಾತು ಕೇಳುವುದು ಶುರುವಾಯಿತು. ಅವರ ಮೊದಲ ಪುಸ್ತಕ ಹುಟ್ಟಿದ್ದು ಆ ಕೂಟಗಳಲ್ಲಿ. ಉರ್ದುವಿನ ಚಿಕ್ಕ ಪುಸ್ತಕ. ಅದರಲ್ಲಿ ಹೆಂಗಸರು ಮಾಡಬಾರದ್ದರ ಪಟ್ಟಿ ಮಾಡಬೇಕಾದ್ದಕ್ಕಿಂತ ಉದ್ದವಿದೆ. ಈಗ ಅವರ ಕೃತಿಗಳ ಸೂಚಿಯಲ್ಲಿ ಆ ಪುಸ್ತಕ ಕಾಣುವುದಿಲ್ಲ. ನನ್ನ ಬಳಿ ಒಂದು ಪ್ರತಿ ಇದೆ. ಸಮಿತಿಯ ಯುವಕನಿಗೆ ಅಂಚೆಯಲ್ಲಿ ಕಳಿಸುವ ಯೋಚನೆಯೂ ಇದೆ.

ಮುಂದಿನದನ್ನು ನಾನು ಕಣ್ಣಾರೆ ಕಂಡೆನೋ, ಕೇಳಿ ಕೇಳಿ ಕಂಡಂತಾಗಿದೆಯೋ ಗೊತ್ತಿಲ್ಲ. ಫಾತಿಹಾ ನಿಂತಿತ್ತು ಎಂದೆನಲ್ಲ, ನಿಂತದ್ದು ಪಡಸಾಲೆಯಲ್ಲಿ. ಬಡೇಅಬ್ಬಾ ಸಂಜೆಯ ನಮಾಜಿಗೆ ಮಸೀದಿಗೆ ಹೋದ ಸಮಯ ನೋಡಿ ದಾದಿ ಫಕೀರನನ್ನು ಹಿತ್ತಲಿನಿಂದ ಕರೆಸಿಕೊಳ್ಳುತ್ತಿದ್ದಳು. ಒಂದು ಗುರುವಾರ ದಾದಿ ಸತ್ತವರ ಹೆಸರು ಹೇಳಿ ಮುಗಿಸಿದ ಮೇಲೆ ಫುಫ್ಫು ಇನ್ನೊಂದು ಹೆಸರು ಸೇರಿಸಿದಳು. ಬಡೇಅಬ್ಬಾನ ಹೆಸರು. ಫಕೀರನಿಗೆ ಕಣ್ಣು ಮಂಜು, ಊರಿನ ಸುದ್ದಿಯೂ ಅಷ್ಟಕ್ಕಷ್ಟೆ. ಆತ ಅಯ್ಯೋ ಎಂದು ಒಂದು ಗಳಿಗೆ ತಲೆ ತಗ್ಗಿಸಿ, ಬದುಕಿರುವ ಮನುಷ್ಯನ ಆತ್ಮಕ್ಕೆ ಶಾಂತಿ ಕೋರಿ ಓದಿ, ಮಲೀದೆ ಕಟ್ಟಿಸಿಕೊಂಡು ಹೋದ. ದಾದಿ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಅತ್ತಳೋ ನಕ್ಕಳೋ, ಈ ಬಗ್ಗೆಯೂ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಆದರೆ ಫಕೀರ ಅಲ್ಲಿಂದ ಹೋದದ್ದು ಸಂತೆಬೀದಿಗೆ. ಲಾಳದ ಸಾಬರ ಹಿರೀಮಗ ತೀರಿಹೋದನಂತೆ, ಇನ್ನೂ ಎಂಥ ವಯಸ್ಸು ಎಂದು ಒಬ್ಬರಿಗೆ ಹೇಳಿದ. ಮಾರನೆಯ ಬೆಳಗ್ಗೆ ನಿಂಗಮ್ಮ, ಹಿತ್ತಲಿನಿಂದ ಬರದೆ, ಸಾವಿನ ಮನೆಗೆ ಬರುವ ಹಾಗೆ ಮುಂಬಾಗಿಲಿಗೇ ಎದೆ ಬಡಿದುಕೊಂಡು ಬಂದಳು. ಜಗಲಿಯ ಮೇಲೆ ಬಡೇಅಬ್ಬಾ ಪುಸ್ತಕ ಹಿಡಿದು ಕೂತಿದ್ದರು.

"ಅಯ್ಯಯ್ಯೋ, ಇಲ್ಲೇ ಕುಂತವ್ನಲ್ಲವ್ವಾ!"

"ಯಾಕೆ ನಿಂಗಮ್ಮ, ಏನಾಯ್ತು?"

"ನೀನು ಸತ್ತೋದೆ ಅಂತ ಕಣಪ್ಪ! ಅಟ್ಟೀಲಿ ಒಲೆ ಸೈತ ಅಚ್ಚದೆ ಬಂದೆ. ಯಾವ್ ಬೇವರ್ಸಿಲಾ ಅಂಗಂದೋನು?"

ಫುಫ್ಫು ಹೊದಿಕೆ ಸರಿಸಿ ಪಡಸಾಲೆ ದಾಟಿ ಬಾಗಿಲಿಗೆ ಬಂದಳು. ತಲೆಯ ಮೇಲೆ ಸೆರಗಿರಲಿಲ್ಲ ಎಂಬುದನ್ನು ಎಲ್ಲರೂ ಹೇಳುತ್ತಾರೆ.

"ನಾನೇ ಅಂದಿದ್ದು ನಿಂಗಕ್ಕ. ನನ್ನ ಕಾಲೇಜು ಬುಡ್ಸಿದ ದಿನವೇ ಅಣ್ಣಯ್ಯ ನನ್ ಪಾಲ್ಗೆ ಸತ್ತೋಗ್ಬುಟ್ಟ. ಊರಿಗೆ ಇವತ್ತು ಗೊತ್ತಾಯ್ತು, ಅಷ್ಟೇಯ."

ಹೊಡೆಯುತ್ತಾರೆ ಎಂದೇ ಎಲ್ಲರೂ ಅಂದುಕೊಂಡರು. ಅಪ್ಪ ಲಾಳದ ಸುತ್ತಿಗೆ ಕೈಯಲ್ಲೇ ಹಿಡಿದು ನಡುವೆ ಬಂದು ನಿಂತನಂತೆ. ಬಡೇಅಬ್ಬಾ ಹೊಡೆಯಲಿಲ್ಲ. ಪುಸ್ತಕ ಮುಚ್ಚಿ, ಅವಳಿಗೆ ಮಾತ್ರ ಕೇಳುವ ಹಾಗೆ ಕೇಳಿದರು.

"ನಾನು ನಿಜವಾಗಿ ಸತ್ತರೆ ಅಳ್ತೀಯಾ?"

"ಮೊದ್ಲು ಸಾಯಿ. ಆಮೇಲ್ ನೋಡಾನ."

ಅವರ ಆತ್ಮಚರಿತ್ರೆಯಲ್ಲಿ ವಿಚಾರ ಬಿಗಿತನ ಬಿಟ್ಟು ತಿರುವು ಪಡೆದ ಕಥೆಗೆ ಒಂದು ಇಡೀ ಅಧ್ಯಾಯವಿದೆ. ದೂರದ ಊರಿನ ದೊಡ್ಡ ಗ್ರಂಥಾಲಯ, ಅಲ್ಲಿ ಕೈಗೆ ಸಿಕ್ಕಿದ ಹಳೆಯ ವ್ಯಾಖ್ಯಾನಗಳು, ಮುದಿ ವಿದ್ವಾಂಸರೊಬ್ಬರ ಜೊತೆ ಚಹಾ ಕುಡಿಯುತ್ತ ಆಡಿದ ಮಾತು. ಇರಬಹುದು. ಆ ವಿದ್ವಾಂಸರು ಚಹಾ ಕುಡಿದಿರಲೂಬಹುದು. ಆದರೆ ನಿಂಗಮ್ಮ ಎದೆ ಬಡಿದುಕೊಂಡು ಬಂದ ಬೆಳಗು ಆ ಪುಸ್ತಕದಲ್ಲಿ ಒಂದು ಸಾಲಿಗೂ ಬಂದಿಲ್ಲ. ತಂಗಿಯೊಬ್ಬಳು ಇದ್ದಳು ಎಂಬುದು ಬಂದಿದೆ, ಮನೆಮಂದಿಯ ಹೆಸರು ಹೇಳುವಲ್ಲಿ, ಅಪ್ಪನ ಹೆಸರಿನ ನಂತರ.

ನನಗೆ ಚೆನ್ನಾಗಿ ನೆನಪಿರುವುದು ಆಮೇಲಿನ ವರ್ಷಗಳು. ಆಗ ನಾನು ಶಾಲೆಗೆ ಹೋಗುತ್ತಿದ್ದೆ. ಕನ್ನಡದ ಪತ್ರಿಕೆಯೊಂದು ಬಡೇಅಬ್ಬಾನನ್ನು ಲೇಖನ ಕೇಳಿತು. ಅವರಿಗೆ ಕನ್ನಡ ಓದಲು ಬರುತ್ತಿತ್ತು, ಬರೆಯಲೂ ಬರುತ್ತಿತ್ತು. ಆದರೆ ಬರೆದದ್ದು ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಸೆಟೆದುಕೊಳ್ಳುತ್ತಿತ್ತು. ಸೋತು ಒಂದು ದಿನ ಅಡುಗೆಮನೆಯ ಹೊಸ್ತಿಲ ಹತ್ತಿರ ಮಣೆ ಹಾಕಿಕೊಂಡು ಕೂತರು. ಅಂದಿನಿಂದ ಅದೇ ಪದ್ಧತಿಯಾಯಿತು. ಅವರು ಉರ್ದುವಿನಲ್ಲಿ ವಿಚಾರ ಹೇಳುವುದು. ಫುಫ್ಫು ಕೈಕೆಲಸ ಬಿಡದೆ ಅದನ್ನು ಕನ್ನಡದಲ್ಲಿ ಬಾಯಲ್ಲಿ ಹೇಳುವುದು. ಅವಳು ಹೇಳಿದ್ದನ್ನು ಅವರು ಬರೆದುಕೊಳ್ಳುವುದು. ಹಾಗಾಗಿ ಕಾಗದದ ಮೇಲೆ ಇರುವುದೆಲ್ಲ ಅವರ ಅಕ್ಷರವೇ. ಅವರ ಗದ್ಯದಲ್ಲಿ ಈ ಮಣ್ಣಿನ ವಾಸನೆ ಇದೆ ಎಂದು ಬರೆಯುವ ವಿಮರ್ಶಕರನ್ನು ಒಂದು ದಿನ ಆ ಹೊಸ್ತಿಲ ಹತ್ತಿರ ಕೂರಿಸಬೇಕೆಂದು ನನಗೆ ಆಸೆ. ಅವರು ಮೂಸಿದ್ದು ಹಿಚುಕಿದ ಅವರೆಯ ಸಿಪ್ಪೆಯ ವಾಸನೆಯನ್ನು.

ಅವಳು ಸುಮ್ಮನೆ ಕನ್ನಡ ಮಾಡುತ್ತಿರಲಿಲ್ಲ. ಒಪ್ಪಿಗೆಯಾಗದ ಮಾತನ್ನು ಹೇಳುತ್ತಲೇ ಇರಲಿಲ್ಲ. ಪಕ್ಕದವರು ಹಬ್ಬಕ್ಕೆ ಕೊಟ್ಟ ಅಡುಗೆಯನ್ನು ತಿನ್ನಬಹುದೇ ಎಂಬುದರ ಮೇಲೆ ಬರೆಯುತ್ತಿದ್ದ ದಿನ ಅವರು ತಿನ್ನುವುದು ಪಾಪವಲ್ಲ, ಆದರೆ ದೂರವಿರುವುದು ಉತ್ತಮ ಎಂಬರ್ಥದಲ್ಲಿ ಏನೋ ಹೇಳಿದರು. ಫುಫ್ಫು ಅವರೆಕಾಳು ಹಿಚುಕುತ್ತಿದ್ದಳು. ಕಾಳು ಚಿಮ್ಮಿ ಪಾತ್ರೆಗೆ ಬೀಳುತ್ತಲೇ ಇದ್ದವು.

"ಹೇಳು" ಎಂದರು ಬಡೇಅಬ್ಬಾ.

"ಯುಗಾದೀಲಿ ನಿಂಗಕ್ಕ ಕೊಟ್ಟ ಒಬ್ಬಟ್ಟು ತಿಂದೋರ್ಯಾರು?"

"ಅದು ಬೇರೆ ವಿಷಯ. ನಾನು ತತ್ವ ಹೇಳ್ತಿದ್ದೀನಿ."

"ತತ್ವಕ್ಕೆ ತುಪ್ಪ ಆಕ್ಸ್ಕೊಂಡು ತಿಂದ್ಯಲ್ಲ ಅಣ್ಣಯ್ಯ, ಎರಡ್ನೇದು ಬೇರೆ ಕೇಳ್ದೆ."

ನಾನು ನಕ್ಕುಬಿಟ್ಟೆ. ಅವರು ನನ್ನ ಕಡೆ ತಿರುಗಿ ನೋಡಿದರು. ಮೊದಲ ಬಾರಿಗೆ ಅವರ ಮುಖದಲ್ಲಿ ಸಿಟ್ಟಿನ ಬದಲು ಯೋಚನೆ ಕಂಡದ್ದು ಆವತ್ತೇ ಎನಿಸುತ್ತದೆ. ಬಹುಶಃ ಇದು ನಾನು ಈಗ ಹಚ್ಚುತ್ತಿರುವ ಬಣ್ಣ. ಆದರೆ ಮುಂದೆ ಫುಫ್ಫು ಹೇಳಿದ್ದು, ಕಾಳು ಹಿಚುಕುತ್ತಲೇ, ತಲೆ ಎತ್ತದೆ ಹೇಳಿದ್ದು, ಇದು:

"ಪಕ್ಕದ ಮನೆಯವಳ ಮುಖ ನೋಡ್ಕೊಂಡು ಹೇಳಕ್ಕಾಗದೇ ಇರೋದನ್ನ ದೇವರ ಹೆಸರಲ್ಲಿ ಹೇಳ್ಬೇಡ."

ಅವರು ಬರೆದುಕೊಂಡರು. ಆ ವಾಕ್ಯ ಇವತ್ತು ಎಲ್ಲಿಲ್ಲ? ಅವರ ಪ್ರಸಿದ್ಧ ಪುಸ್ತಕದ ಮೊದಲ ಪುಟದಲ್ಲಿದೆ. ಅಭಿನಂದನೆಯ ಆಮಂತ್ರಣದ ಮೇಲೆ ಬಂಗಾರದ ಬಣ್ಣದಲ್ಲಿದೆ. ಧರ್ಮದ ಯಾವುದೇ ವಿಧಿಯನ್ನು ನೆರೆಯವರ ಎದುರು ನಿಂತು ಪರೀಕ್ಷಿಸಬೇಕು ಎಂಬ ಅವರ ಇಡೀ ಚಿಂತನೆ ಆ ಒಂದು ಮಾತಿನಿಂದ ಹೊರಡುತ್ತದೆ. ಹೆಂಗಸರ ಓದು, ತಲಾಖ್, ಮಸೀದಿಯಲ್ಲಿ ಹೆಂಗಸರಿಗೆ ಜಾಗ, ಎಲ್ಲಕ್ಕೂ ಅವರು ಅದನ್ನೇ ಒಡ್ಡುತ್ತಾರೆ. ವಿದ್ವಾಂಸರು ಅದಕ್ಕೆ ನೆರೆಮನೆಯ ನ್ಯಾಯ ಎಂದು ಹೆಸರಿಟ್ಟಿದ್ದಾರೆ. ಆ ನ್ಯಾಯದಲ್ಲಿ ಪಕ್ಕದ ಮನೆಯವಳಿದ್ದಾಳೆ. ಅದೇ ಮನೆಯವಳಿಲ್ಲ.

ನಾನು ಬೆಳೆದದ್ದು ಆ ಹೊಸ್ತಿಲಿನ ಶಾಲೆಯಲ್ಲಿ. ಮಾತು ಅಚ್ಚಾಗಿ ಬಂದಾಗ ಎಷ್ಟು ಗಂಭೀರವಾಗಿ ಕಂಡರೂ ಅದರ ಹಿಂದೆ ಯಾರೋ ಕೈ ಒರೆಸಿಕೊಳ್ಳುತ್ತಿರುತ್ತಾರೆ ಎಂಬುದನ್ನು ಅಲ್ಲಿ ಕಲಿತೆ. ಗೊತ್ತಿಲ್ಲದಂತೆ ಸಿಟ್ಟನ್ನೂ ಅಲ್ಲೇ ಕಲಿತೆ. ಅದು ಫುಫ್ಫು ನನಗೆ ಕಲಿಸಿದ್ದಲ್ಲ, ಅವಳು ಇಟ್ಟುಕೊಳ್ಳದೆ ಬಿಟ್ಟದ್ದನ್ನು ನಾನು ಎತ್ತಿಟ್ಟುಕೊಂಡೆ. ನನ್ನನ್ನು ಓದಿಸಿದವರು ಬಡೇಅಬ್ಬಾ. ಇದನ್ನು ಬರೆಯದೆ ಹೋದರೆ ನಾನೂ ಅವರಂತೆಯೇ ಆಗುತ್ತೇನೆ. ಹಾಸ್ಟೆಲಿಗೆ ಸೇರಿಸಲು ಬಂದವರು ಅವರು. ಫುಫ್ಫುವಿಗೆ ಮಂಡ್ಯದ ಆಸ್ಪತ್ರೆಯಲ್ಲಿ ಆಪರೇಷನ್ ಆದಾಗ ಹಗಲೂ ರಾತ್ರಿ ಬೆಂಚಿನ ಮೇಲೆ ಕೂತವರೂ ಅವರೇ. ಇವೆಲ್ಲ ನಿಜ. ಆದರೆ ಮದ್ದೂರಿನ ಸಭೆಯೊಂದರಲ್ಲಿ ನಡೆದದ್ದೂ ನಿಜ. ನಾನು ಪ್ರೇಕ್ಷಕರ ನಡುವೆ ಕೂತಿದ್ದೆ. ಅವರು ಮಾತು ನಿಲ್ಲಿಸಿ ನನ್ನ ಕಡೆ ಕೈ ತೋರಿಸಿದರು.

"ನಮ್ಮ ಮನೆಯ ಮೊದಲ ವಿದ್ಯಾವಂತ ಹೆಣ್ಣುಮಗಳು ಇಲ್ಲೇ ಇದ್ದಾಳೆ. ಏಳಮ್ಮ, ಎದ್ದು ನಿಲ್ಲು. ವಿಚಾರ ಬದಲಾದರೆ ಮನೆ ಬದಲಾಗುತ್ತದೆ ಎನ್ನುವುದಕ್ಕೆ ಇವಳೇ ಸಾಕ್ಷಿ."

ಎದ್ದು ನಿಂತೆ. ಚಪ್ಪಾಳೆ ಬಿತ್ತು. ನನ್ನ ಪಕ್ಕದ ಕುರ್ಚಿಯಲ್ಲಿ ಫುಫ್ಫು ಕೂತಿದ್ದಳು, ಅವಳೂ ಚಪ್ಪಾಳೆ ತಟ್ಟುತ್ತಿದ್ದಳು. ಮೊದಲ ಹೆಣ್ಣುಮಗಳು. ಅವರು ಮರೆತಿದ್ದರೆಂದು ನಾನು ಒಪ್ಪುವುದಿಲ್ಲ. ಜಗಲಿಯ ಮೇಲೆ ಅಷ್ಟು ದಿನ ಅಡ್ಡ ಕೂತವರಿಗೆ ತಾವು ಯಾರಿಗೆ ಅಡ್ಡ ಕೂತಿದ್ದೆವು ಎಂಬುದು ಮರೆಯುವುದಿಲ್ಲ. ಆವತ್ತು ಆ ಚಪ್ಪಾಳೆಯ ನಡುವೆಯೇ, ಇದನ್ನು ಒಂದು ದಿನ ಬರೆಯುತ್ತೇನೆ, ಬರೆದು ಅವರು ಬದುಕಿರುವಾಗಲೇ ಓದಿಸುತ್ತೇನೆ ಎಂದುಕೊಂಡೆ. ಅವರು ಸತ್ತ ಮೇಲೆ ಬರೆಯುವ ಸೌಜನ್ಯ ನನಗೆ ಬೇಡ.

ಬರೆದದ್ದನ್ನು ಕಳೆದ ಭಾನುವಾರ ಮಳವಳ್ಳಿಗೆ ತೆಗೆದುಕೊಂಡು ಹೋಗಿ ಫುಫ್ಫುವಿಗೆ ಓದಿ ಹೇಳಿದೆ. ಅವಳು ಒಗೆದ ಬಟ್ಟೆ ಮಡಿಸುತ್ತ ಕೇಳಿದಳು. ನಿಂಗಮ್ಮನ ಬೈಗುಳ ಬಂದಾಗ ನಕ್ಕು, ಆಕೆ ಬೈದದ್ದು ಇನ್ನೂ ಕೆಟ್ಟದಾಗಿತ್ತು, ನೀನು ಮಡಿ ಮಾಡಿದ್ದೀಯ ಎಂದಳು. ಅವರೆಕಾಳಿನ ಭಾಗ ಬಂದಾಗ ಇನ್ನೊಂದು ಬಟ್ಟೆ ಎತ್ತಿಕೊಂಡಳು. ನನಗೆ ಬೇಕಾಗಿದ್ದದ್ದು ಆ ಭಾಗದ ಮೇಲೆ ಒಂದು ಹೂಂ. ಏಕೆಂದರೆ ಒಂದು ಅನುಮಾನ ನನ್ನನ್ನು ಬಿಟ್ಟಿಲ್ಲ. ಆ ವಾಕ್ಯವನ್ನು ನಾನು ಅವರ ಪುಸ್ತಕದಲ್ಲಿ ನೂರು ಸಲ ಓದಿದ್ದೇನೆ. ಓದಿದ ಮೇಲೆ ಅವಳ ಬಾಯಿಗೆ ತಂದಿಟ್ಟೆನೇ? ಅವಳ ಬಾಯಲ್ಲಿ ಕೇಳಿದ್ದನ್ನೇ ಪುಸ್ತಕದಲ್ಲಿ ಗುರುತಿಸಿದೆನೇ? ಅಲ್ಲಿದ್ದದ್ದು ಮೂರೇ ಜನ. ಅವರನ್ನು ಕೇಳುವುದಿಲ್ಲ. ನನ್ನನ್ನು ನಾನೇ ನಂಬುವುದಿಲ್ಲ.

"ಫುಫ್ಫು, ಆ ಮಾತು ಮೊದಲು ಆಡಿದ್ದು ಯಾರು? ನೀನಾ, ಅವರಾ?"

"ನೀನೂ ಅಲ್ಲೇ ಇದ್ಯಲ್ಲ ಕಣೇ."

"ನಾನು ಚಿಕ್ಕವಳು. ನೀನು ಹೇಳು."

ಅವಳು ಬೆಡ್‌ಶೀಟಿನ ಎರಡು ತುದಿ ನನ್ನ ಕೈಗೆ ಕೊಟ್ಟು, ಇನ್ನೆರಡು ತುದಿ ತಾನು ಹಿಡಿದು ಎಳೆದಳು. ಮಡಿಸಿದೆವು.

"ಭಾಯಿಗೆ ಈಗ ಸಕ್ಕರೆ ಜಾಸ್ತಿ ಆಗೈತಂತೆ" ಎಂದಳು. "ಕಾಲು ಊದ್ಕೊಂಡದಂತೆ."

"ನಾಳೆ ಇದನ್ನ ಕಳಿಸ್ತೀನಿ. ಅವರು ಹಾಕಲಿಲ್ಲ ಅಂದ್ರೆ ನನ್ನ ಪುಸ್ತಕದಲ್ಲೇ ಹಾಕ್ತೀನಿ. ಆಮೇಲೆ ಊರೆಲ್ಲ ಓದುತ್ತೆ, ಅವರನ್ನ ಕೇಳುತ್ತೆ, ನಿನ್ನನ್ನೂ ಕೇಳುತ್ತೆ."

ಅವಳು ಮಡಿಸಿದ್ದನ್ನು ಮಂಚದ ಮೇಲಿಟ್ಟು ಅಂಗೈಯಿಂದ ಸುಕ್ಕು ತೀಡುತ್ತಿದ್ದಳು. ಕೋಪವೂ ಇಲ್ಲ, ಬೇಡವೆಂಬ ಸನ್ನೆಯೂ ಇಲ್ಲ. ಸುಮ್ಮನಿರುವುದು ಅಣ್ಣನನ್ನು ಕಾಯಲಿಕ್ಕೋ, ನನ್ನ ಕೈಯಿಂದ ಹೊಡೆಸಲಿಕ್ಕೋ ಆ ಮುಖದಲ್ಲಿ ನನಗೆ ಓದಲಾಗಲಿಲ್ಲ. ಮಂಡ್ಯದ ಬಸ್ಸಿಗೆ ಹೊತ್ತಾಗುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಮತ್ತೆ ಒಳಕ್ಕೆ ಬಂದು ಕೇಳಿದೆ.

"ಸುಳ್ಳಾಗಿದ್ದಿದ್ರೆ ನನ್ನನ್ನ ತಡೀತಿದ್ದೆ ತಾನೇ ಫುಫ್ಫು?"